ನಲವತ್ತು ವರ್ಷದ ಹಿಂದಿನ ಧೂಳು

ದಕ್ಷಿಣ ಆಫ್ರಿಕದ ಕಿಂಬರ್ಲಿ ಪಟ್ಟಣವು ವಜ್ರದ ಗಣಿಗಳಿಂದ ಲೋಕಪ್ರಸಿದ್ಧವಾದದ್ದಾದರೂ, ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅದಕ್ಕೊಂದು ಸ್ಥಾನವನ್ನು ದೊರಕಿಸಿದ್ದು ವಜ್ರವಲ್ಲ, ಅದರ ಪಶ್ಚಿಮಕ್ಕೆ ಹಬ್ಬಿರುವ ಗುಡ್ಡಸಾಲಿನಲ್ಲಿ ಸಿಗುತ್ತಿದ್ದ ನೀಲಿ ಕಲ್ನಾರು (ಆಸ್ಬೆಸ್ಟಾಸ್). 1950ರ ದಶಕದಲ್ಲಿ ಅಲ್ಲಿಯ ಕ್ಷಯರೋಗದ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸ್ಲೆಗ್ಸ್ ಅವರಿಗೆ ಒಂದು ಸಂಗತಿ ಬಗೆಹರಿಯದೆ ಉಳಿದಿತ್ತು: ಎದೆಯಲ್ಲಿ ನೀರು ತುಂಬಿಕೊಂಡು ಬರುವ ರೋಗಿಗಳಲ್ಲಿ ಪೂರ್ವದಿಕ್ಕಿನವರು ಕ್ಷಯದ ಔಷಧಕ್ಕೆ ಗುಣಹೊಂದಿ ಮನೆಗೆ ತೆರಳುತ್ತಿದ್ದರೆ, ಪಶ್ಚಿಮದವರಲ್ಲಿ ಅನೇಕರು ಅದೇ ಔಷಧವನ್ನು ಸೇವಿಸಿಯೂ ಕ್ಷೀಣಿಸುತ್ತಲೇ ಹೋಗುತ್ತಿದ್ದರು. 1956ರಲ್ಲಿ ಜೋಹಾನ್ಸ್‌ಬರ್ಗಿನ ತರುಣ ರೋಗವಿಜ್ಞಾನಿ ಕ್ರಿಸ್ ವ್ಯಾಗ್ನರ್, ಕ್ಷಯದಿಂದಲೇ ಸತ್ತನೆಂದು ನಂಬಲಾಗಿದ್ದ ಒಬ್ಬ ಕಾರ್ಮಿಕನ ಶವಪರೀಕ್ಷೆ ಮಾಡಿದಾಗ, ಎದೆಗೂಡಿನ ಒಂದು ಪಾರ್ಶ್ವವನ್ನು ಲೋಳೆಲೋಳೆಯಾದ ಗಡ್ಡೆಯು ತುಂಬಿಕೊಂಡಿರುವುದು ಕಂಡಿತು. ಅದು ಮೆಸೋಥೀಲಿಯೋಮಾ ಎಂಬ, ಆವರೆಗೆ ಅತಿ ವಿರಳವೆಂದೇ ಎಣಿಸಲಾಗಿದ್ದ ಅರ್ಬುದವಾಗಿತ್ತು.

ಮುಂದೆ ಅವರು ಮಾಡಿದ ಕೆಲಸವೇ ನನಗೆ ಶವಪರೀಕ್ಷೆಗಿಂತ ದೊಡ್ಡದಾಗಿ ತೋರುತ್ತದೆ. ಸ್ಲೆಗ್ಸ್ ಮತ್ತು ಶಸ್ತ್ರವೈದ್ಯ ಮಾರ್ಷಾಂ ಅವರೊಡಗೂಡಿ ವ್ಯಾಗ್ನರ್ ಒಬ್ಬೊಬ್ಬ ರೋಗಿಯ ಪೂರ್ವವೃತ್ತಾಂತವನ್ನೂ ಕೆದಕಿ ಕೇಳಿದರು: ಹುಟ್ಟಿದ್ದೆಲ್ಲಿ, ತಂದೆಯ ಕಸುಬೇನು, ಬಾಲ್ಯ ಕಳೆದ ಊರು ಯಾವುದು? 1960ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿದ್ದ 33 ರೋಗಿಗಳಲ್ಲಿ ಒಬ್ಬರನ್ನುಳಿದು ಮಿಕ್ಕವರಿಗೆಲ್ಲ ನೀಲಿ ಕಲ್ನಾರಿನ ಸಂಪರ್ಕವಿದ್ದ ಸಂಭವ ಕಂಡುಬಂದಿತು. ಅವರಲ್ಲಿ ಗಣಿಗೆ ಎಂದೂ ಇಳಿಯದವರೂ ಇದ್ದರು. ಆ ಸೀಮೆಯಲ್ಲಿ ಹೆಂಗಸರು ಮಕ್ಕಳು ಬಯಲಿನಲ್ಲಿ ಕುಳಿತು ಸುತ್ತಿಗೆಯಿಂದ ಕಲ್ಲನ್ನು ಕುಟ್ಟಿ ನಾರನ್ನು ಬೇರ್ಪಡಿಸುವುದು ರೂಢಿಯಾಗಿತ್ತು. ಉಳಿದ ಪುಡಿಯ ದಿಬ್ಬಗಳೇ ಹುಡುಗರ ಆಟದ ಬಯಲು. ಹಾಗೆ ಆಡಿದ ಹುಡುಗನೊಬ್ಬನು ಬೆಳೆದು ದೂರದ ಪೇಟೆ ಸೇರಿ ಬೇರೆ ಉದ್ಯೋಗ ಹಿಡಿದು ಸುಖವಾಗಿರುವಾಗ, ಮೂವತ್ತು ನಲವತ್ತು ವರ್ಷಗಳ ಅನಂತರ, ಅವನ ಎದೆಯಲ್ಲಿ ನೀರು ಸೇರತೊಡಗುತ್ತಿತ್ತು. 1965ರಲ್ಲಿ ಲಂಡನ್ನಿನ ಸಂಶೋಧಕರು ಗುರುತಿಸಿದ ಸಂಗತಿಯಂತೂ ಇನ್ನೂ ದಾರುಣವಾದದ್ದು: ಕಾರ್ಖಾನೆಯಿಂದ ಬಂದ ಗಂಡನ ಧೂಳುಬಟ್ಟೆಯನ್ನು ಕೊಡವಿ ಒಗೆದುದಲ್ಲದೆ ಬೇರಾವ ಸಂಪರ್ಕವೂ ಇಲ್ಲದ ಸ್ತ್ರೀಯರೂ ಈ ರೋಗಕ್ಕೆ ತುತ್ತಾಗಿದ್ದರು.

ಶ್ವಾಸಕೋಶವನ್ನು ಈರುಳ್ಳಿಯ ಒಳಪೊರೆಯಂಥ ತೆಳುವಾದ ಎರಡು ಪದರಗಳು ಆವರಿಸಿವೆ. ಉಸಿರಿನೊಡನೆ ಒಳಹೊಕ್ಕ ಕಲ್ನಾರಿನ ಸೂಕ್ಷ್ಮ ಎಳೆಗಳು ಕ್ರಮೇಣ ಆ ಪೊರೆಯನ್ನು ಮುಟ್ಟುತ್ತವೆ. ದೇಹದ ಕಾವಲು ಕೋಶಗಳು ಅವುಗಳನ್ನು ನುಂಗಲು ಯತ್ನಿಸಿ ನುಂಗಲಾರದೆ ಸೋಲುತ್ತವೆ. ಅದರಿಂದ ಹುಟ್ಟಿದ ಉರಿಯೂತವು ದಶಕಗಳವರೆಗೆ ಆರದೆ, ಕೋಶಗಳ ವಂಶವಾಹಿಗಳನ್ನು ಕೆಡಿಸುತ್ತದೆ. ಹೊಟ್ಟೆಯ ಒಳಪೊರೆಗೂ ಈ ರೋಗ ತಗುಲುವುದುಂಟು, ಆದರೆ ಅಪರೂಪ. ಬೀಡಿ ಸಿಗರೇಟುಗಳು ಮೆಸೋಥೀಲಿಯೋಮಾಕ್ಕೆ ಕಾರಣವಲ್ಲ; ಆದರೆ ಕಲ್ನಾರಿನಿಂದಲೇ ಉಂಟಾಗುವ ಇನ್ನೊಂದು ರೋಗವಾದ ಶ್ವಾಸಕೋಶದ ಕ್ಯಾನ್ಸರಿನ ಭಯವನ್ನು ಧೂಮಪಾನವು ಹಲವು ಪಟ್ಟು ವೃದ್ಧಿಗೊಳಿಸುತ್ತದೆ.

ಬ್ರಿಟನ್ 1999ರಲ್ಲಿಯೂ ಆಸ್ಟ್ರೇಲಿಯಾ 2003ರ ಅಂತ್ಯದಲ್ಲಿಯೂ ಕಲ್ನಾರಿನ ಇನ್ನೊಂದು ಬಗೆಯಾದ ಬಿಳಿ ಕಲ್ನಾರನ್ನು ಸಹ ನಿಷೇಧಿಸಿದವು. ನಮ್ಮ ದೇಶದಲ್ಲಿ ಅದನ್ನು ಹೊರದೇಶಗಳಿಂದ ತರಿಸಿ ಸಿಮೆಂಟ್ ಶೀಟು ಮಾಡುವುದು ನಡೆದೇ ಇದೆ. ಶೀಟಿನ ಮನೆಯಲ್ಲಿ ವಾಸಿಸುವವರೆಲ್ಲ ಗಾಬರಿಗೊಳ್ಳಬೇಕಾದ ಕಾರಣವಿಲ್ಲ. ಸಿಮೆಂಟಿನೊಳಗೆ ಬಿಗಿದುಕೊಂಡಿರುವ ಎಳೆ ಸುಮ್ಮನೆ ಗಾಳಿಗೆ ಏಳುವುದಿಲ್ಲ. ಅಪಾಯವಿರುವುದು ಅದನ್ನು ಗರಗಸದಿಂದ ಕೊಯ್ಯುವಾಗ, ರಂಧ್ರ ಕೊರೆಯುವಾಗ, ಹಳೆಯದಾದ ಮೇಲೆ ಒಡೆದು ಪುಡಿಮಾಡುವಾಗ. ಶೀಟಿನ ಕಾರ್ಖಾನೆಯಲ್ಲಿ ದುಡಿದವರು, ಬಾಯ್ಲರಿನ ಕೊಳವೆಗೆ ಶಾಖ ತಡೆಯುವ ಹೊದಿಕೆ ಸುತ್ತಿದವರು, ಹಳೆಯ ಹಡಗು ಒಡೆದವರು, ಇವರ ವಿಷಯದಲ್ಲಿ ಭಯವು ಇನ್ನೂ ಸಕಾರಣವಾದದ್ದು.

ರೋಗನಿರ್ಣಯದ ಕಷ್ಟವೂ ಇಲ್ಲಿಯೇ ಇದೆ. ಉಬ್ಬಸ, ಎದೆಯ ಒಂದು ಪಕ್ಕದಲ್ಲಿ ಮಂದವಾದ ನೋವು, ತೂಕದ ಇಳಿತ, ಎಕ್ಸ್‌ರೇಯಲ್ಲಿ ನೀರು. ಇಷ್ಟನ್ನು ಕಂಡೊಡನೆ ನಮ್ಮ ವೈದ್ಯರಿಗೆ ಮೊದಲು ಹೊಳೆಯುವುದು ಕ್ಷಯ, ಮತ್ತು ನಮ್ಮ ದೇಶದಲ್ಲಿ ಆ ಊಹೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಆದರೆ ಔಷಧ ನುಂಗಿಯೂ ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ ಕಿಂಬರ್ಲಿಯನ್ನು ಸ್ಮರಿಸಿಕೊಳ್ಳಬೇಕು. “ಬೀಡಿ ಸೇದುತ್ತೀರಾ, ಯಜಮಾನರೇ?” ಎಂದು ಕೇಳದ ವೈದ್ಯರಿಲ್ಲ, “ಹರೆಯದಲ್ಲಿ ಎಲ್ಲಿ ಕೆಲಸಕ್ಕಿದ್ದಿರಿ?” ಎಂದು ಕೇಳುವವರು ವಿರಳ. ತೆಗೆದ ನೀರಿನ ಪರೀಕ್ಷೆಯೊಂದರಿಂದಲೇ ಅನೇಕ ವೇಳೆ ರೋಗ ಪತ್ತೆಯಾಗದು. ಸಿ.ಟಿ. ಸ್ಕ್ಯಾನಿನ ಅನಂತರ, ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ ಕೊಳವೆಯ ಮೂಲಕ ಪೊರೆಯನ್ನು ಕಣ್ಣಾರೆ ಕಂಡು ತುಣುಕು ತೆಗೆದು, ಅದಕ್ಕೆ ವಿಶೇಷ ಬಣ್ಣಗಳ ಪರೀಕ್ಷೆ ಮಾಡಿಸಬೇಕು. ಆಗಲೇ ಅದು ಮೆಸೋಥೀಲಿಯೋಮಾವೋ, ಬೇರೆಡೆಯಿಂದ ಹರಡಿದ ಕ್ಯಾನ್ಸರೋ ಎಂಬುದೂ, ಅದರ ಮೂರು ಬಗೆಗಳಲ್ಲಿ ಯಾವುದೆಂಬುದೂ ತಿಳಿಯುವುದು.

ಚಿಕಿತ್ಸೆಯ ವಿಷಯದಲ್ಲಿ ಬಣ್ಣ ಹಚ್ಚಿ ಹೇಳುವುದು ರೋಗಿಗೆ ಮಾಡುವ ಉಪಕಾರವಲ್ಲ. ಪೂರ್ಣ ಗುಣ ಅತ್ಯಂತ ವಿರಳ. ಸಿಸ್‌ಪ್ಲಾಟಿನ್ ಮತ್ತು ಪೆಮೆಟ್ರೆಕ್ಸೆಡ್ ಎಂಬ ಔಷಧಗಳ ಜೋಡಿಯು ಮಧ್ಯಮ ಆಯುಸ್ಸನ್ನು 9 ತಿಂಗಳಿಂದ 12 ತಿಂಗಳಿಗೆ ಏರಿಸಿತೆಂದು 2003ರಲ್ಲಿ ಸಿದ್ಧವಾಯಿತು. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್‌ಗಳ ಜೋಡಿಯು ಇತ್ತೀಚಿನ ಪ್ರಯೋಗವೊಂದರಲ್ಲಿ ಹಳೆಯ ಬಗೆಯ ಔಷಧಗಳ 14 ತಿಂಗಳಿಗೆದುರಾಗಿ 18 ತಿಂಗಳ ಫಲವನ್ನು ಕೊಟ್ಟಿತು. ನಮ್ಮಲ್ಲಿ ಅದರ ವೆಚ್ಚವೋ ಲಕ್ಷಗಳ ಲೆಕ್ಕದ್ದು. ಪೊರೆಯನ್ನು ಸುಲಿದು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಆಯುಸ್ಸು ಹೆಚ್ಚುವುದಿಲ್ಲ, ಬಾಧೆ ಮಾತ್ರ ಹೆಚ್ಚುತ್ತದೆ ಎಂಬುದನ್ನು ಬ್ರಿಟನ್ನಿನ ಪ್ರಯೋಗವೊಂದು 2024ರಲ್ಲಿ ತೋರಿಸಿದ ಮೇಲೆ, ಅದಕ್ಕಾಗಿ ಹೊಲ ಮನೆ ಮಾರುವ ಮೊದಲು ಎರಡನೆಯ ವೈದ್ಯರನ್ನು ಕೇಳುವುದು ಒಳ್ಳೆಯದು.

ಈ ತಿಂಗಳ ಲೆಕ್ಕವನ್ನು ಹೇಗೆ ಓದಬೇಕೆಂಬುದನ್ನು ಕಲಿಸಿದವನು ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್. 1982ರಲ್ಲಿ ಅವನಿಗೆ ಹೊಟ್ಟೆಪೊರೆಯ ಮೆಸೋಥೀಲಿಯೋಮಾ ಇರುವುದು ತಿಳಿದಾಗ, ಮಧ್ಯಮ ಆಯುಸ್ಸು 8 ತಿಂಗಳೆಂದು ಗ್ರಂಥಗಳಲ್ಲಿತ್ತು. ಮಧ್ಯಮವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕುವರೆಂದೇ ಅರ್ಥ, ಅವರಲ್ಲಿ ಕೆಲವರು ಬಹುಕಾಲ ಬದುಕಬಲ್ಲರು, ಎಂದು ಅವನು ತರ್ಕಿಸಿದನು. ಚಿಕಿತ್ಸೆಗಳನ್ನೆಲ್ಲ ಸಹಿಸಿ ಇಪ್ಪತ್ತು ವರ್ಷ ಬಾಳಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡನು. ಎಲ್ಲರಿಗೂ ಹಾಗಾಗದು. ಆದರೆ ಉಳಿದ ದಿನಗಳನ್ನು ಸಹನೀಯವಾಗಿಸುವ ಉಪಾಯಗಳು ಎಲ್ಲರಿಗೂ ಉಂಟು: ನೀರು ಮತ್ತೆ ಸೇರದಂತೆ ಎರಡು ಪದರಗಳನ್ನು ವೈದ್ಯಕೀಯ ಟಾಲ್ಕ್ ಪುಡಿಯಿಂದ ಬೆಸೆಯುವುದು, ಇಲ್ಲವೆ ಮೃದುವಾದ ನಳಿಕೆಯೊಂದನ್ನು ಎದೆಯಲ್ಲಿ ಉಳಿಸಿ ಮನೆಯವರೇ ಆಗಾಗ ನೀರಿಳಿಸುವುದು, ನೋವಿಗೂ ಉಬ್ಬಸಕ್ಕೂ ಅಲ್ಪಪ್ರಮಾಣದ ಮಾರ್ಫೀನ್. ಮಾರ್ಫೀನ್ ಎಂದೊಡನೆ ಬೆದರುವ ಬಂಧುಗಳಿಗೆ ಅದು ಕೊನೆಯ ಗಳಿಗೆಯ ಮದ್ದಲ್ಲವೆಂಬುದನ್ನು ವೈದ್ಯರು ತಾಳ್ಮೆಯಿಂದ ತಿಳಿಸಬೇಕಾಗುತ್ತದೆ.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರಿನ ಉದ್ದಿಮೆಗಳಿಗೆ ವಿಧಿಸಿದ ನಿಯಮವೊಂದು ಈ ರೋಗದ ಸ್ವಭಾವವನ್ನರಿತೇ ಮಾಡಿದಂತಿದೆ: ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ನಿವೃತ್ತನಾದ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡತಕ್ಕದ್ದು. ಗುತ್ತಿಗೆಯ ಆಳುಗಳಿಗಾದರೋ ಹಾಜರಿಪಟ್ಟಿಯಲ್ಲಿ ಹೆಸರಿದ್ದರೇ ಹೆಚ್ಚು. ಆದುದರಿಂದ ಟ್ರಂಕಿನ ತಳದಲ್ಲಿ ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು, ಕಾರ್ಖಾನೆಯ ಹಳೆಯ ಗುರುತುಚೀಟಿ ಏನೇ ಸಿಕ್ಕಿದರೂ ಅದನ್ನು ಎಕ್ಸ್‌ರೇಯೊಡನೆ ವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಅವರು ಕೇಳದಿದ್ದರೂ ತೋರಿಸಬೇಕು.