ಕಾಲಯಂತ್ರ ವಿಜಯನಗರದಲ್ಲಿ ಇಳಿದಾಗ

1991ರ ಜುಲೈ ತಿಂಗಳಲ್ಲಿ ತೆರೆಕಂಡ ‘ಆದಿತ್ಯ 369’ ಎಂಬ ತೆಲುಗು ಚಲನಚಿತ್ರವು 2025ರ ಏಪ್ರಿಲ್‌ನಲ್ಲಿ ಹೊಸ ಮೆರುಗು ಪಡೆದು ಮತ್ತೊಮ್ಮೆ ಚಿತ್ರಮಂದಿರಗಳಿಗೆ ಬಂದಿತ್ತು. ಅಂದು ಶಾಲಾಬಾಲಕರಾಗಿ ಅದನ್ನು ಕಂಡವರು ಇಂದು ತಮ್ಮ ಮಕ್ಕಳಿಗೆ ಅದನ್ನು ತೋರಿಸುವ ವಯಸ್ಸಿನವರು. ಆಂಧ್ರಪ್ರದೇಶದ ಎಲ್ಲೆಯೊಳಗೆ ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುವ ಕುಟುಂಬಗಳಿಗೆ ಈ ಚಿತ್ರವು ನಗುವಿನ ಜೊತೆಗೆ ಸಣ್ಣದೊಂದು ಕಸಿವಿಸಿಯನ್ನೂ ತರುತ್ತದೆ. ಅದೇಕೆಂದು ಹೇಳುವ ಮೊದಲು ಕಥೆಯನ್ನು ನೆನಪಿಸಿಕೊಳ್ಳಬೇಕು.

ರಾಮದಾಸ್ ಎಂಬ ವಿಜ್ಞಾನಿಯೊಬ್ಬರು (ಟೀನು ಆನಂದ್) ಮನೆಯಲ್ಲಿಯೇ ಕಾಲಯಂತ್ರವೊಂದನ್ನು ಕಟ್ಟಿದ್ದಾರೆ. ಇತ್ತ ವಸ್ತುಸಂಗ್ರಹಾಲಯದಲ್ಲಿರುವ ಶ್ರೀಕೃಷ್ಣದೇವರಾಯನ ಕಾಲದ ವಜ್ರದ ಮೇಲೆ ರಾಜಾವರ್ಮನ (ಅಮರೀಶ್ ಪುರಿ) ಕಣ್ಣು ಬಿದ್ದಿದೆ. ಹೊರಗೆ ಗೌರವಸ್ಥ, ಒಳಗೆ ಪುರಾತನ ವಸ್ತುಗಳ ಕಳ್ಳ. ಕಳ್ಳತನಕ್ಕೆ ಸಾಕ್ಷಿಯಾಗುವವನು ಒಬ್ಬ ಶಾಲಾಬಾಲಕ. ಈ ಗಡಿಬಿಡಿಯ ನಡುವೆ ನಾಯಕ ಕೃಷ್ಣಕುಮಾರ, ವಿಜ್ಞಾನಿಯ ಮಗಳು ಹೇಮಾ ಮತ್ತು ಪಾಪದ ಒಬ್ಬ ಪೊಲೀಸ್ ಪೇದೆ ಅಕಸ್ಮಾತ್ತಾಗಿ ಯಂತ್ರದೊಳಗೆ ಸಿಲುಕಿ 1526ರ ವಿಜಯನಗರಕ್ಕೆ ಬಂದಿಳಿಯುತ್ತಾರೆ. ಅಲ್ಲಿ ನಂದಮೂರಿ ಬಾಲಕೃಷ್ಣರೇ ಕೃಷ್ಣಕುಮಾರ, ಬಾಲಕೃಷ್ಣರೇ ಕೃಷ್ಣದೇವರಾಯ! ತೆನಾಲಿ ರಾಮಕೃಷ್ಣನಾಗಿ ಚಂದ್ರಮೋಹನ್ ಇದ್ದಾರೆ. ಮುಂದೆ ಅದೇ ಯಂತ್ರವು 2504ನೆಯ ಇಸವಿಗೂ ಹಾರುತ್ತದೆ. ಆಗ ಮೂರನೆಯ ಮಹಾಯುದ್ಧ ಮುಗಿದು, ನೆಲದ ಮೇಲೆಲ್ಲ ವಿಕಿರಣ ತುಂಬಿ, ಮನುಷ್ಯರು ಭೂಮಿಯೊಳಗೆ ಬದುಕುತ್ತಿದ್ದಾರೆ.

ವಿಚಿತ್ರವೆಂದರೆ ವಿಚಿತ್ರ. ಪುರಾಣದ ದರ್ಬಾರು, ಪತ್ತೇದಾರಿ ಕಥೆ, ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರದ ಕಾದಂಬರಿ ಇವು ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿದಂತಿದೆ. ಆದರೆ ಜಂಧ್ಯಾಲ ಬರೆದ ಮಾತುಗಳಿಂದಾಗಿ ಎಲ್ಲವೂ ಹೊಂದಿಕೊಳ್ಳುತ್ತವೆ. ಆಸ್ಥಾನದವರ ಗ್ರಾಂಥಿಕ ನುಡಿಗೂ ಬಂದಿಳಿದವರ ಇಂಗ್ಲಿಷ್ ಬೆರೆತ ಆಡುಮಾತಿಗೂ ನಡುವಣ ಅಂತರವೇ ಇಲ್ಲಿ ಅರ್ಧ ನಗು. ಪೇದೆಯ ಪಾತ್ರದ ಸುತ್ತಿ ವೇಲು ಅವರ ಮುಖಭಾವಕ್ಕೆ ಮಾತೂ ಬೇಕಿಲ್ಲ. ಭವಿಷ್ಯದ ಭಾಗ ಮಾತ್ರ ಇಂದಿಗೆ ಸೊರಗಿದಂತೆ ಕಾಣುತ್ತದೆ. ಮಿನುಗುವ ದೀಪಗಳಿಗೆ ವಯಸ್ಸಾಗಿದೆ. ಇಳಯರಾಜರ ಸಂಗೀತಕ್ಕೆ ಆಗಿಲ್ಲ.

ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಕನ್ನಡಿಗರಿಗೆ ಹೊರಗಿನವರಲ್ಲ. ಡಾ. ರಾಜಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಚಿತ್ರಗಳನ್ನು ಮಾಡಿದವರು ಅವರೇ. ಒಂದೂ ಮಾತಿಲ್ಲದೆ ಜನರನ್ನು ನಗಿಸಿದ ‘ಪುಷ್ಪಕ ವಿಮಾನ’ವನ್ನು (1987) ಚಿತ್ರೀಕರಿಸಿದ್ದು ಬೆಂಗಳೂರಿನಲ್ಲಿ. ಭಾಷೆಯ ಹಂಗೇ ಇಲ್ಲದ ಚಿತ್ರವನ್ನು ಮಾಡಿದವರು ನಾಲ್ಕೇ ವರ್ಷಗಳಲ್ಲಿ ಭಾಷೆಯನ್ನೇ ನಗೆಯ ಮೂಲವಾಗಿಸಿಕೊಂಡ ಚಿತ್ರವನ್ನೂ ಮಾಡಿದರು.

ಕಸಿವಿಸಿ ಇರುವುದು ಅಲ್ಲಿಯೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಮಗು ಚಿತ್ರ ನೋಡುತ್ತಾ, “ಅಪ್ಪಾ, ಹಂಪೆಯಲ್ಲಿ ಎಲ್ಲರೂ ತೆಲುಗೇ ಮಾತಾಡುತ್ತಿದ್ದರೇ?” ಎಂದು ಕೇಳೀತು. ಪಾಠಪುಸ್ತಕದ ಕರ್ನಾಟಕ ಸಾಮ್ರಾಜ್ಯ ಒಂದು ಕಡೆ, ತೆರೆಯ ಮೇಲಿನ ರಾಯ ಇನ್ನೊಂದು ಕಡೆ. ಚಿತ್ರದ್ದು ತಪ್ಪೆಂದು ಹೇಳಲಾಗದು. ತೆಲುಗು ಪ್ರೇಕ್ಷಕರಿಗೆ ತೆಗೆದ ತೆಲುಗು ಚಿತ್ರದಲ್ಲಿ ರಾಯನು ಬೇರಾವ ಭಾಷೆಯನ್ನು ಆಡಬೇಕಿತ್ತು? ಕನ್ನಡ ಚಿತ್ರಗಳಲ್ಲಿ ಅವನು ಅಚ್ಚಗನ್ನಡವನ್ನೇ ಆಡುತ್ತಾನಲ್ಲವೇ? ಆದರೂ ಮಗುವಿನ ಪ್ರಶ್ನೆಗೆ ಸುಮ್ಮನಿರುವುದು ಸರಿಯಲ್ಲ.

1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಶಾಸನಗಳು ಕನ್ನಡ, ತೆಲುಗು, ತಮಿಳು, ಸಂಸ್ಕೃತ ಹೀಗೆ ಹಲವು ಭಾಷೆಗಳಲ್ಲಿವೆ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದ ಕನ್ನಡ ಭಾರತವನ್ನು ಮುಂದುವರಿಸಿದ ತಿಮ್ಮಣ್ಣ ಕವಿಯು ಆ ಕಾವ್ಯಕ್ಕೆ ‘ಕೃಷ್ಣರಾಯ ಭಾರತ’ವೆಂದು ದೊರೆಯ ಹೆಸರನ್ನೇ ಇಟ್ಟನು. ದೊರೆಯಾದರೋ ಸಂಸ್ಕೃತದಲ್ಲಿ ‘ಜಾಂಬವತೀ ಕಲ್ಯಾಣ’ ನಾಟಕವನ್ನೂ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನೂ ಬರೆದನು. ತೆಲುಗಿನಲ್ಲಿ ಏಕೆ ಬರೆದೆನೆಂಬುದನ್ನು ಆ ಕಾವ್ಯದ ಆರಂಭದಲ್ಲಿ ಅವನೇ ಹೇಳುತ್ತಾನೆ: ಶ್ರೀಕಾಕುಳದ ಆಂಧ್ರವಿಷ್ಣುವು ಕನಸಿನಲ್ಲಿ ಬಂದು ತೆಲುಗಿನಲ್ಲಿ ಕಾವ್ಯ ಬರೆಯೆಂದು ಅಪ್ಪಣೆ ಕೊಡುತ್ತಾನೆ. ಆ ಮಾತಿನಲ್ಲಿ ದೇವರು ತನ್ನನ್ನು ತೆಲುಗರ ರಾಯನೆಂದು ಕರೆದುಕೊಂಡು, ಎದುರಿಗಿರುವ ದೊರೆಯನ್ನು ಕನ್ನಡರಾಯನೆಂದು ಸಂಬೋಧಿಸುತ್ತಾನೆ. ತೆಲುಗಿನ ಹೆಮ್ಮೆಯ ಕಾವ್ಯದಲ್ಲಿಯೇ ಈ ಸಂಬೋಧನೆಯಿದೆಯೆಂಬುದು ನಮ್ಮ ಮಕ್ಕಳಿಗೂ, ಅವರ ತೆಲುಗು ಮಾಧ್ಯಮದ ಗೆಳೆಯರಿಗೂ ತಿಳಿದಿರಬೇಕಾದ ಸಂಗತಿ.

ಆ ನಗರಿಗೆ ನಿಜವಾಗಿಯೂ ದೂರದಿಂದ ಬಂದಿಳಿದವರಿದ್ದರು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಮಧ್ಯಮ ಎತ್ತರ, ತುಸು ಸ್ಥೂಲವೆನ್ನಬಹುದಾದ ಮೈಕಟ್ಟು, ಮುಖದಲ್ಲಿ ಸಿಡುಬಿನ ಕಲೆ. ಬಾಲಕೃಷ್ಣರ ರಾಯನ ಮುಖದಲ್ಲಿ ಕಲೆಯ ಸುಳಿವೂ ಇಲ್ಲ. ಸಿನಿಮಾದಲ್ಲಿ ಅದನ್ನು ನಿರೀಕ್ಷಿಸುವುದೂ ತರವಲ್ಲ. ಎರಡನ್ನೂ ಮಕ್ಕಳ ಮುಂದಿಟ್ಟರೆ ಅವರು ಹೆಚ್ಚು ಇಷ್ಟಪಡುವುದು ಕಲೆಯಿರುವ ರಾಯನನ್ನೇ ಎಂದು ನನಗನ್ನಿಸುತ್ತದೆ. ಅವನು ನಿಜವಾಗಿ ಬದುಕಿದ್ದ ಮನುಷ್ಯನಂತೆ ಕಾಣುತ್ತಾನೆ.

1953ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಹಂಪೆ ಮೈಸೂರು ರಾಜ್ಯದ ಪಾಲಿಗೆ ಬಂತು. ಆ ಗೆರೆ ಎಳೆದದ್ದು ರಾಯನು ತೀರಿಕೊಂಡ ನಾಲ್ಕು ಶತಮಾನಗಳ ನಂತರ. ಕೃಷ್ಣಕುಮಾರನ ಯಂತ್ರವು 1526ರಲ್ಲಿ ಇಳಿದ ನೆಲದಲ್ಲಿ ಅಂತಹ ಗೆರೆಯಿರಲಿಲ್ಲ. ಪೇಟೆಬೀದಿಯಲ್ಲಿ ಅವನ ಕಿವಿಗೆ ನಾಲ್ಕಾರು ಭಾಷೆಗಳು ಒಟ್ಟಿಗೆ ಬೀಳಬೇಕಿತ್ತು. ಆದೋನಿಯ ಸಂತೆಯಲ್ಲಿ ಇಂದಿಗೂ ಬೀಳುವಂತೆ. ಅಂತಹ ಒಂದು ದೃಶ್ಯ ಚಿತ್ರದಲ್ಲಿದ್ದಿದ್ದರೆ ಜಂಧ್ಯಾಲರಿಗೆ ಎಷ್ಟೊಂದು ಹಾಸ್ಯ ಸಿಗುತ್ತಿತ್ತು!

ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡಬಹುದು. ಆಸ್ಥಾನ ನರ್ತಕಿಯಾಗಿ ಸಿಲ್ಕ್ ಸ್ಮಿತಾ ಕಾಣಿಸುವ ಭಾಗದ ಬಗ್ಗೆ ಹಿರಿಯರು ಮುಖ ಸಿಂಡರಿಸಿದರೂ ಮಕ್ಕಳು ಅದನ್ನು ಗಮನಿಸುವುದಿಲ್ಲ. ಅವರ ಕಣ್ಣೆಲ್ಲ ಯಂತ್ರದ ಮೇಲೆ. ಬಳಿಕ ಮಡಕಶಿರಾ ಕಡೆಯವರು ರಜೆಯ ಒಂದು ದಿನ ಮಕ್ಕಳನ್ನು ಲೇಪಾಕ್ಷಿಗೆ ಕರೆದೊಯ್ಯಲಿ. ಅಲ್ಲಿನ ವೀರಭದ್ರ ದೇವಾಲಯದ ಗೋಡೆಗಳ ಮೇಲೆ ಕೃಷ್ಣದೇವರಾಯನ ತಮ್ಮ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಅಕ್ಷರಗಳ ರೂಪ ತುಸು ಬೇರೆಯಾದರೂ, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನಿಧಾನವಾಗಿ ನೋಡಿದರೆ ನಾಲ್ಕನೆಯ ತರಗತಿಯ ಮಗುವೂ ಅವುಗಳಲ್ಲಿ ಕೆಲವನ್ನು ಗುರುತಿಸಬಲ್ಲದು.