ಹರೆಯದ ಹುಡುಗರ ಮೂಗಿನ ಗೆಡ್ಡೆ

ಮಕ್ಕಳ ಮೂಗಿನಿಂದ ರಕ್ತ ಸುರಿದರೆ ಉಷ್ಣವಾಗಿದೆಯೆಂದು ಮಜ್ಜಿಗೆ ಕುಡಿಸಿ ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಬಹುತೇಕ ಅದರಿಂದ ಅಪಾಯವೂ ಇಲ್ಲ. ಆದರೆ 10ರಿಂದ 20 ವರ್ಷದೊಳಗಿನ ಹುಡುಗನಿಗೆ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡು, ಪೆಟ್ಟು ಬೀಳದೆಯೂ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ತಂದೆತಾಯಿಗಳು ಅದನ್ನು ಕಡೆಗಣಿಸಲಾಗದು. ಮೂಗಿನ ಹಿಂಭಾಗದಲ್ಲಿ ರಕ್ತನಾಳಗಳಿಂದ ತುಂಬಿದ ಗೆಡ್ಡೆಯೊಂದು ಬೆಳೆಯುತ್ತಿರಬಹುದು. ವೈದ್ಯರು ಇದನ್ನು ಆಂಜಿಯೋಫೈಬ್ರೋಮಾ ಎನ್ನುತ್ತಾರೆ. ವಿರಳವಾದ ಈ ರೋಗ ಹೆಚ್ಚಾಗಿ ಗಂಡುಮಕ್ಕಳಲ್ಲಿಯೇ ಕಂಡುಬರುತ್ತದೆ.

ಇದು ಕ್ಯಾನ್ಸರ್ ಅಲ್ಲ. ದೂರದ ಅಂಗಗಳಿಗೆ ಹರಡುವುದಿಲ್ಲ. ಆದರೂ ಎಲುಬನ್ನು ಸವೆಸುತ್ತ ಕೆನ್ನೆಯ ಒಳಗೆ, ಕಣ್ಣಿನ ಗುಳಿಗೆ, ಕೆಲವೊಮ್ಮೆ ತಲೆಬುರುಡೆಯ ತಳಕ್ಕೂ ನುಗ್ಗುತ್ತದೆ. ಆಗ ಮುಖ ಊದುವುದು, ಕಣ್ಣು ಮುಂದಕ್ಕೆ ಚಾಚುವುದು, ದೃಷ್ಟಿ ಮಂದವಾಗುವುದು ಉಂಟು. ಹರೆಯ ಕಳೆದ ಮೇಲೆ ಗೆಡ್ಡೆ ತಾನಾಗಿ ಕುಗ್ಗಿದ ಉದಾಹರಣೆಗಳಿವೆ, ನಿಜ. ಆದರೆ ಯಾರಲ್ಲಿ ಕುಗ್ಗೀತೆಂದು ಮೊದಲೇ ಹೇಳಲು ಬಾರದು. ಅದನ್ನೇ ನಂಬಿ ಚಿಕಿತ್ಸೆಯನ್ನು ಮುಂದೂಡಿದರೆ ಹುಡುಗನ ಕಣ್ಣನ್ನೇ ಪಣಕ್ಕೊಡ್ಡಿದಂತೆ.

ಮೂಗಿನೊಳಗೆ ಕಾಣುವ ಮಾಂಸವನ್ನು ಕೀಳುವುದಾಗಲಿ, ಊರಿನಲ್ಲಿಯೇ ಯಾರಿಂದಲಾದರೂ ಕತ್ತರಿಸಿಸುವುದಾಗಲಿ ಸರ್ವಥಾ ಕೂಡದು. ಪ್ರಾಣಕ್ಕೆ ಕುತ್ತಾಗುವಷ್ಟು ರಕ್ತ ಹರಿದೀತು. ಈ ಕಾರಣದಿಂದಲೇ ವೈದ್ಯರೂ ಪರೀಕ್ಷೆಗಾಗಿ ಚೂರು ತೆಗೆಯಲು ಹಿಂಜರಿದು, ಸ್ಕ್ಯಾನ್ ಮಾಡಿ ರೋಗವನ್ನು ಗುರುತಿಸುತ್ತಾರೆ. ಆದುದರಿಂದ ಹುಡುಗನನ್ನು ಕಿವಿ, ಮೂಗು, ಗಂಟಲು ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಗೆಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಮೊದಲು ಮುಚ್ಚಿ, ಅನಂತರ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯುವುದು ಈಗಿನ ಸಾಮಾನ್ಯ ಕ್ರಮ. ಚಿಕ್ಕದಿರುವಾಗಲೇ ಬಂದರೆ ಮುಖವನ್ನು ಕೊಯ್ಯದೆ ಹೊಳ್ಳೆಯ ಮೂಲಕವೇ ತೆಗೆಯಬಹುದು. ತೆಗೆದ ಮೇಲೂ ಮರುಕಳಿಸುವುದುಂಟು. ವೈದ್ಯರು ಹೇಳಿದ ದಿನ ಮರುತಪಾಸಣೆಗೆ ತಪ್ಪದೆ ಹೋಗಬೇಕು.