ಅಂಗನವಾಡಿ ಟೀಚರ್‌ಗೆ ಯಾವ ತರಬೇತಿ ಬೇಕು? ಅವರನ್ನೇ ಕೇಳೋಣ

ಬೆಳಿಗ್ಗೆ ಮದ್ರಸಕ್ಕೆ ಬರುವ ಮಕ್ಕಳಲ್ಲಿ ಕೆಲವರು ಪಾಠ ಶುರುವಾಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಡೆಸ್ಕಿಗೆ ತಲೆ ಇಟ್ಟುಬಿಡುತ್ತಾರೆ. 'ಏನು ತಿಂದು ಬಂದೆ ಮಗಾ?' ಎಂದರೆ 'ಚಾ, ಬಿಸ್ಕೆಟ್ ಉಸ್ತಾದ್' ಎಂಬ ಉತ್ತರ. ಸೋಮಾರಿತನ ಎಂದು ನಾವು ಗದರಿಸಿದ್ದೂ ಉಂಟು.

ಆದರೆ ವಿಷಯ ಅಷ್ಟು ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35 ಮಕ್ಕಳು ಪ್ರಾಯಕ್ಕೆ ತಕ್ಕ ಎತ್ತರ ಬೆಳೆದಿಲ್ಲ.

ಇದನ್ನು ಊರಿನ ಮಟ್ಟದಲ್ಲಿ ಮೊದಲು ಗುರುತಿಸಬೇಕಾದವರು ಅಂಗನವಾಡಿ ಟೀಚರ್. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಈ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇಂದು ಮಕ್ಕಳ ತೂಕ, ಎತ್ತರ ನೋಡುವುದು, ಪುಷ್ಟಿ ಹಂಚುವುದು, ಗರ್ಭಿಣಿಯರ ಊಟ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು, ಮಕ್ಕಳಿಗೆ ಪಾಠ ಎಲ್ಲವೂ ಅವರ ತಲೆ ಮೇಲೆಯೇ. ಇಷ್ಟಕ್ಕೆ ಐಸಿಡಿಎಸ್ ನಿಯಮದಲ್ಲಿದ್ದ ಆರಂಭದ ತರಬೇತಿ 26 ದಿನ, ಪುನಶ್ಚೇತನಕ್ಕೆ 5 ದಿನ.

ತರಬೇತಿಯ ವಿಷಯ ಮೇಲಿನಿಂದ ಬರುತ್ತದೆ. ಕೆಲಸ ಮಾಡುವವರಿಗೆ ಎಲ್ಲಿ ಕಷ್ಟ ಎಂದು ಸಮೀಕ್ಷೆ ಮಾಡಿ ತಿಳಿದು ಕಲಿಸಿದರೆ ಫಲ ಹೆಚ್ಚು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಪುಸ್ತಕದಲ್ಲಿದೆ. ಅಳೆಯುವುದು ಕಷ್ಟವಲ್ಲ. ಅದನ್ನು ತಾಯಿಗೆ ನೋವಾಗದಂತೆ, ಅತ್ತೆಗೆ ಒಪ್ಪಿಗೆಯಾಗುವಂತೆ ಹೇಳುವುದು ಕಷ್ಟ. ನಮ್ಮ ಮನೆಗಳಲ್ಲಿ ಮಾತು ಬ್ಯಾರಿಯಲ್ಲಿ. ಟೀಚರ್‌ಗೆ ಆ ಭಾಷೆ ಗೊತ್ತಿಲ್ಲದಿದ್ದರೆ ಸಲಹೆ ಬಾಗಿಲಲ್ಲೇ ನಿಲ್ಲುತ್ತದೆ.

ರಮಝಾನ್ ಬಂದರೆ ಇನ್ನೊಂದು ತೊಡಕು. ಗರ್ಭಿಣಿಗೂ ಹಾಲುಣಿಸುವ ತಾಯಿಗೂ ತಮ್ಮ ಅಥವಾ ಮಗುವಿನ ಆರೋಗ್ಯಕ್ಕೆ ತೊಂದರೆಯಾಗುವ ಭಯವಿದ್ದರೆ ಉಪವಾಸ ಬಿಟ್ಟು ನಂತರ ಖಝಾ ಮಾಡುವ ರಿಯಾಯಿತಿ ದೀನಿನಲ್ಲಿದೆ. ಇದನ್ನು ಟೀಚರ್ ಹೇಳಿದರೆ ಯಾರು ಕೇಳುತ್ತಾರೆ? ಹೇಳಬೇಕಾದವರು ನಾವು ಉಸ್ತಾದರು. ಆದರೆ ಆರೋಗ್ಯದ ತೊಂದರೆ ಯಾವುದು ಎಂದು ತಿಳಿಯಲು ನಮಗೂ ಎರಡು ದಿನದ ತರಬೇತಿ ಬೇಕು, ಅದನ್ನು ಒಪ್ಪಿಕೊಳ್ಳಲು ನಾಚಿಕೆ ಯಾಕೆ?

ಜಮಾಅತ್ ಕಮಿಟಿಯವರಲ್ಲಿ ನಮ್ಮ ವಿನಂತಿ ಇಷ್ಟೇ. ಊರಿನ ಅಂಗನವಾಡಿ ಟೀಚರನ್ನೂ ಆಶಾ ಕಾರ್ಯಕರ್ತೆಯನ್ನೂ ಒಮ್ಮೆ ಕರೆದು ಕೂರಿಸಿ. ಯಾವ ಕೆಲಸ ಕಷ್ಟ, ಏನು ಕಲಿಯಬೇಕು, ನಮ್ಮಿಂದ ಏನಾಗಬೇಕು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಕೊಡಿ. ಪಿಯುಸಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಅಂಗನವಾಡಿ ಹುದ್ದೆಗೆ ಅರ್ಜಿ ಕರೆದಾಗ ತಿಳಿಸಿ.

ಡೆಸ್ಕಿಗೆ ತಲೆ ಇಟ್ಟ ಮಗುವನ್ನು ಎಬ್ಬಿಸುವುದು ನಮಗೆ ಗೊತ್ತು. ಯಾಕೆ ಮಲಗಿತು ಎಂದು ಕೇಳುವುದನ್ನು ನಾವು ಈಗ ಕಲಿಯುತ್ತಿದ್ದೇವೆ.